ಆ ಮಗುವಿಗೆ ‘ಲಕ್ಕಿ’ ಅನ್ನಬೇಡಿ

(ಉದ್ದ ಇದೆ ಫ್ರೆಂಡ್ಸ್, ನಾಲ್ಕು ಪೋಸ್ಟ್. ಬಸ್ಸಲ್ಲಿ ಕೂತಾಗ ಓದಿ.)

1/4

ಏರ್‌ಪೋರ್ಟ್ ರೀಲ್‌ಗಳನ್ನ ನೀವೂ ನೋಡಿರ್ತೀರಿ. ಕೈಯಲ್ಲಿ ಬಲೂನು ಹಿಡಿದ ವಿದೇಶಿ ದಂಪತಿ, ಮಧ್ಯದಲ್ಲಿ ನಮ್ಮ ಕಡೆಯ ಒಂದು ಮಗು. ಕೆಳಗೆ ಕಮೆಂಟು: “ಎಷ್ಟು ಲಕ್ಕಿ!” “ಲೈಫ್ ಸೆಟ್ಲ್ ಬಿಡು!” ನಾವು ಹಾರ್ಟ್ ಒತ್ತಿ ಮುಂದಕ್ಕೆ ಹೋಗ್ತೀವಿ. ಆ ಮಗು ಮಾತ್ರ ಸ್ವಲ್ಪ ದಿನಕ್ಕೇ ಹೊಸ ಸ್ಕೂಲಿನ ಬಾಗಿಲಲ್ಲಿ ನಿಂತಿರುತ್ತೆ. ಅದರ ರೀಲ್ ಯಾರೂ ಮಾಡಲ್ಲ.

ನನ್ನ ಮಾತು ಇಷ್ಟೇ. ಆ ಮಗು ಸ್ಕೂಲಿಗೆ ಹೊಂದಿಕೊಳ್ಳೋಕೆ ಅಡ್ಡ ಬರೋ ವಿಷಯಗಳಲ್ಲಿ ಈ ‘ಲಕ್ಕಿ’ ಅನ್ನೋ ಪದವೂ ಒಂದು.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಭಾರತದಿಂದ ಹೊರದೇಶಕ್ಕೆ ದತ್ತು ಹೋಗೋದು ‘ಕಾರಾ’ ಅನ್ನೋ ಕೇಂದ್ರ ಸರ್ಕಾರದ ಪ್ರಾಧಿಕಾರದ ಮೂಲಕ. ದತ್ತು ಬಗ್ಗೆ 1993ರಲ್ಲಿ ಆದ ಹೇಗ್ ಒಪ್ಪಂದವನ್ನ ಭಾರತ 2003ರಲ್ಲಿ ಒಪ್ಪಿಕೊಂಡಿತು. ಅದರ ಪ್ರಕಾರ ಮೊದಲು ದೇಶದೊಳಗೇ ಮನೆ ಹುಡುಕಬೇಕು, ಸಿಗದಿದ್ರೆ ಮಾತ್ರ ಹೊರಗೆ. ನಮ್ಮವರು ಹೆಚ್ಚಾಗಿ ಕೇಳೋದು ಪುಟ್ಟ, ಆರೋಗ್ಯವಾಗಿರೋ ಕೂಸು. ಹಾಗಾಗಿ ಅಮೆರಿಕ, ಇಟಲಿ, ಸ್ಪೇನ್ ಕಡೆ ಹೋಗೋರಲ್ಲಿ ಸ್ವಲ್ಪ ದೊಡ್ಡ ಮಕ್ಕಳು, ಜೊತೆಗೇ ಇರಬೇಕಾದ ಅಣ್ಣ-ತಂಗಿ, ವಿಶೇಷ ಆರೈಕೆ ಬೇಕಾದವರು ತುಂಬಾ ಜನ. ಅಂದ್ರೆ ಒಂದು ಭಾಷೆ, ಒಂದಷ್ಟು ಗೆಳೆಯರು, ಮೂಗಿಗೆ ಪರಿಚಯ ಇರೋ ಒಂದು ಅಡುಗೆಮನೆ, ಎಲ್ಲ ಬಿಟ್ಟು ಹೋಗೋ ಮಕ್ಕಳು.

ನಾವು ಬಿಕಾಂನವರು. ಲೆಡ್ಜರ್‌ನಲ್ಲಿ ಓಪನಿಂಗ್ ಬ್ಯಾಲೆನ್ಸ್ ಬರೆಯದೆ ವರ್ಷ ಶುರು ಮಾಡಿದ್ರೆ ಸರ್ ಬಿಡ್ತಾರಾ? ಆದ್ರೆ ಈ ಮಗುವಿನ ವಿಷಯದಲ್ಲಿ ಎಲ್ಲರೂ ಸೊನ್ನೆಯಿಂದಲೇ ಶುರು ಮಾಡ್ತಾರೆ.

2/4

ಬಾಗಲಕೋಟೆ ಕಡೆಯ ಏಳು ವರ್ಷದ ಹುಡುಗಿ, ಹೋಗಿದ್ದು ಅಮೆರಿಕಕ್ಕೆ ಅಂದ್ಕೊಳ್ಳಿ. ಅದೇ ಕ್ಲಾಸಿಗೆ ನಿಮ್ಮ ಚಿಕ್ಕಪ್ಪನ ಮಗನೂ ಹೊಸದಾಗಿ ಸೇರಿದ್ದಾನೆ. ಇಬ್ಬರಿಗೂ ಇಂಗ್ಲಿಷ್ ಕಷ್ಟ. ಆದ್ರೆ ಸಂಜೆ ಮನೆಗೆ ಹೋದ್ರೆ ಅವನಿಗೆ “ಊಟ ಮಾಡಿದ್ಯೇನೋ?” ಅನ್ನೋರು ಇದ್ದಾರೆ. ಇವಳಿಗೆ ಮನೆಯಲ್ಲೂ ಇಂಗ್ಲಿಷೇ. ಆಡೋರಿಲ್ಲದ ಕನ್ನಡ ಬೇಗ ಸವೆದುಹೋಗುತ್ತೆ, ಇಂಗ್ಲಿಷ್ ಇನ್ನೂ ತುಂಬಿರಲ್ಲ. ನಡುವೆ ಒಂದಷ್ಟು ಕಾಲ ಮನಸ್ಸಲ್ಲಿರೋದನ್ನ ಪೂರ್ತಿ ಹೇಳೋಕೆ ಅವಳ ಹತ್ತಿರ ಯಾವ ಭಾಷೆಯೂ ಇರಲ್ಲ.

ಇನ್ನೊಂದು ತೊಂದರೆ ಇದೆ. ಆಟದ ಮೈದಾನದ ಇಂಗ್ಲಿಷ್ ಬೇಗ ಬರುತ್ತೆ. ಭಾಷಾ ಸಂಶೋಧಕ ಜಿಮ್ ಕಮಿನ್ಸ್ ಪ್ರಕಾರ ಮಾತಿನ ಭಾಷೆಗೆ ಸುಮಾರು 2 ವರ್ಷ ಸಾಕಾದ್ರೂ ಪಾಠದ ಭಾಷೆಗೆ 5ರಿಂದ 7 ವರ್ಷ ಬೇಕು. ಇದು ಗೊತ್ತಿಲ್ಲದ ಟೀಚರ್‌ಗೆ ಏನನ್ನಿಸುತ್ತೆ? “ಪಟಪಟ ಮಾತಾಡ್ತಾಳೆ, ಲೆಕ್ಕದ ಪ್ರಶ್ನೆ ಮಾತ್ರ ಅರ್ಥ ಆಗಲ್ವಂತೆ. ಸೋಮಾರಿ.” ಅಡ್ಮಿಷನ್ ಫಾರ್ಮಲ್ಲಿ ಮನೆಭಾಷೆ ಕೇಳಿದಾಗ ಹೊಸ ಅಪ್ಪ-ಅಮ್ಮ ಇಂಗ್ಲಿಷ್ ಅಂತ ಬರೆದುಬಿಟ್ರಂತೂ ಇವಳಿಗೆ ಸಹಾಯ ಬೇಕು ಅನ್ನೋದೇ ಸ್ಕೂಲಿನ ಕಣ್ಣಿಗೆ ಬೀಳಲ್ಲ.

ಆ ಸಹಾಯ ಉಪಕಾರ ಅಲ್ಲ ಅನ್ನೋದನ್ನೂ ಗಮನಿಸಿ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮೂಲದ ಮಕ್ಕಳ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲೇ ಹೇಳಿದೆ: ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಟೀಚರ್ ಕೊಟ್ಟ ಮಾತ್ರಕ್ಕೆ ಸಮಾನತೆ ಆಗಲ್ಲ, ಭಾಷೆ ಬಾರದ ಮಗುವಿಗೆ ಸ್ಕೂಲು ದಾರಿ ಮಾಡಿಕೊಡಬೇಕು. ಲಾವ್ ವರ್ಸಸ್ ನಿಕೋಲ್ಸ್ ಅಂತ ಕೇಸಿನ ಹೆಸರು.

3/4

ಈಗ ‘ಲಕ್ಕಿ’ಗೆ ಬರೋಣ. ದಿನಾ ಲಕ್ಕಿ ಲಕ್ಕಿ ಅಂತ ಕೇಳಿಸಿಕೊಂಡ ಮಗು ಒಳಗೊಳಗೇ ಸಾಲಗಾರ ಆಗಿಬಿಡುತ್ತೆ. ಸಾಲ ಇರೋನು ಬಾಯಿ ಬಿಡಲ್ಲ. “ಅರ್ಥ ಆಗಲಿಲ್ಲ ಮಿಸ್” ಅನ್ನಲ್ಲ. “ನನಗೆ ಹಳೇ ಜಾಗ ನೆನಪಾಗುತ್ತೆ” ಅಂತಂತೂ ಅನ್ನೋದೇ ಇಲ್ಲ. ಸುಮ್ಮನೆ ನಗ್ತಾ ಕೂತಿರುತ್ತೆ. ಎಲ್ಲರೂ “ಎಷ್ಟು ಬೇಗ ಅಡ್ಜಸ್ಟ್ ಆಯ್ತು!” ಅಂತ ಖುಷಿಪಡ್ತಾರೆ.

ಸ್ಕೂಲು ಮಾಡಬೇಕಾದ್ದು ಸಣ್ಣ ಸಣ್ಣ ಕೆಲಸ. ವಂಶವೃಕ್ಷ ಬರೆದು ತನ್ನಿ, ಹುಟ್ಟಿದಾಗಿನ ಫೋಟೊ ತನ್ನಿ ಅನ್ನೋ ಹೋಮ್‌ವರ್ಕ್ ಕೊಡೋ ಮೊದಲು ಮನೆಯವರಿಗೆ ಒಂದು ಮಾತು ಹೇಳೋದು. ಎಷ್ಟೋ ಮಕ್ಕಳ ಹತ್ತಿರ ಆ ಫೋಟೊ ಇರಲ್ಲ, ಕೆಲವರ ಹುಟ್ಟಿದ ದಿನವೇ ಡಾಕ್ಟರ್ ಅಂದಾಜಲ್ಲಿ ಬರೆದದ್ದು. ಜೇಬಲ್ಲಿ ಬ್ರೆಡ್ ಚೂರು ಸಿಕ್ಕರೆ ಬೈಯದೇ ಇರೋದು. ಹತ್ತಾರು ಮಕ್ಕಳ ನಡುವೆ ಬೆಳೆದ ಮಗು ನಾಳೆಗೆ ಇರಲಿ ಅಂತ ಎತ್ತಿಟ್ಟಿರಬಹುದು. ದಿನಾ ಬೆಳಿಗ್ಗೆ ಒಬ್ಬರೇ ಟೀಚರ್ ಬಾಗಿಲಲ್ಲಿ ಕಾಯೋದು. ಸಂಜೆ ಕರೆದೊಯ್ಯೋಕೆ ಮನೆಯವರು ಹತ್ತು ನಿಮಿಷ ತಡ ಆದ್ರೆ “ಫೋನ್ ಮಾಡಿದ್ದಾರೆ, ಬರ್ತಿದ್ದಾರೆ” ಅಂತ ಪಕ್ಕದಲ್ಲಿ ಕೂರೋದು. ಹೆಸರನ್ನ ಕತ್ತರಿಸದೆ ಸರಿಯಾಗಿ ಕರೆಯೋದು. ಮತ್ತೆ, ದತ್ತು ಅನ್ನೋ ವಿಷಯ ಕ್ಲಾಸಿಗೆ ಹೇಳಬೇಕಾ ಬೇಡವಾ ಅನ್ನೋದನ್ನ ಮಗುವಿಗೇ ಬಿಡೋದು. ಅದು ಅವಳ ಕಥೆ.

“ಆದ್ರೂ ಅನಾಥಾಶ್ರಮಕ್ಕಿಂತ ಮನೆ ಒಳ್ಳೇದಲ್ವಾ?” ಅಂತ ಕೇಳ್ತೀರಿ. ಹೌದು, ಒಳ್ಳೇದೇ. ಮಗುವಿಗೆ ಮನೆ ಸಿಕ್ಕಿದ್ದು ನನಗೂ ಖುಷಿ. ಆದ್ರೆ ಮನೆ ಸಿಗೋದು ಮಗುವಿನ ಹಕ್ಕು. ಹಕ್ಕಿಗೆ ಯಾರಾದ್ರೂ ಇಎಂಐ ಕಟ್ತಾರಾ?

4/4

“ನಾವಿಲ್ಲಿ ಕೂತು ಏನ್ ಮಾಡೋಕಾಗುತ್ತೆ?” ಆಗುತ್ತೆ. ನಿಮ್ಮ ಅಕ್ಕನೋ ಮಾವನೋ ಹೊರದೇಶದಲ್ಲಿ ಇರ್ತಾರೆ, ನಿಮ್ಮಲ್ಲೂ ಕೆಲವರು ಹೋಗ್ತೀರಿ. ಅಲ್ಲಿನ ಕನ್ನಡ ಕೂಟಕ್ಕೆ ಇಂಥ ಮಗುವನ್ನ ಅಪ್ಪ-ಅಮ್ಮ ಪ್ರೀತಿಯಿಂದ ಕರ್ಕೊಂಡು ಬರ್ತಾರೆ ಅಂದ್ಕೊಳ್ಳಿ. ನಮ್ಮವರ ಪ್ರಶ್ನೆ ಊಹಿಸಿ: “ಯಾವ ಊರು? ನಿಜವಾದ ಅಪ್ಪ-ಅಮ್ಮ ಯಾರು? ಎಲ್ಲಿ, ಕನ್ನಡ ಮಾತಾಡು ನೋಡೋಣ?” ಅದು ಪರೀಕ್ಷೆ. ಅವಳಿಗೆ ಸ್ಕೂಲಲ್ಲಿ ಈಗಾಗಲೇ ಸಾಕಷ್ಟು ಪರೀಕ್ಷೆ ಇದೆ.

ಪಕ್ಕದಲ್ಲಿ ಕೂತು ನೀವೇ ಕನ್ನಡದಲ್ಲಿ ಮಾತಾಡ್ತಾ ಇರಿ, ಸಾಕು. ಕೇಳಿಸಿಕೊಂಡ ಭಾಷೆ ಪೂರ್ತಿ ಅಳಿಸಿಹೋಗಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಮನೆಗಳಿಗೆ ಚೀನಾದಿಂದ ದತ್ತು ಬಂದ ಹುಡುಗಿಯರ ಮೇಲೆ ಒಂದು ಅಧ್ಯಯನ ಆಯ್ತು, 2014ರಲ್ಲಿ ಪ್ರಕಟವಾಯ್ತು. ಪುಟ್ಟ ಮಕ್ಕಳಾಗಿದ್ದಾಗಲೇ ಬಂದವರು, ಚೀನೀ ಭಾಷೆ ಒಂದಕ್ಷರ ಅರ್ಥ ಆಗಲ್ಲ. ಆದ್ರೂ ಆ ಭಾಷೆಯ ಸ್ವರದ ಏರಿಳಿತ ಕೇಳಿಸಿದಾಗ ಅವರ ಮೆದುಳು ಚೀನೀ ಬಲ್ಲವರ ಮೆದುಳಿನ ಥರಾನೇ ಕೆಲಸ ಮಾಡ್ತು. ಅಂದ್ರೆ ಓಪನಿಂಗ್ ಬ್ಯಾಲೆನ್ಸ್ ಅಲ್ಲೇ ಇತ್ತು, ಯಾರೂ ತೆಗೆದು ನೋಡಿರಲಿಲ್ಲ ಅಷ್ಟೇ.

ಮುಂದಿನ ಸಲ ಅಂಥ ರೀಲ್ ಬಂದ್ರೆ “ಲಕ್ಕಿ” ಬದಲು “ಖುಷಿಯಾಗಿರು ಪುಟ್ಟ” ಅಂತ ಹಾಕಿ. ದೊಡ್ಡವಳಾದ ಮೇಲೆ ಆ ಕಮೆಂಟುಗಳನ್ನ ಅವಳೂ ಓದಬಹುದು. ಮತ್ತೆ ಯಾವತ್ತಾದ್ರೂ ಅವಳು ಬ್ಯಾಗ್ ಬಿಸಾಕಿ “ನನಗೆ ಈ ಸ್ಕೂಲ್ ಇಷ್ಟ ಇಲ್ಲ” ಅಂತ ಅತ್ತರೆ, ದಯವಿಟ್ಟು ಅಳೋಕೆ ಬಿಡಿ. ನಾವೆಲ್ಲ ಹಾಗೆ ಅತ್ತೇ ಬೆಳೆದಿದ್ದು ತಾನೇ? ನಮಗ್ಯಾರೂ “ನೀನು ಪುಣ್ಯ ಮಾಡಿದ್ದೆ, ಸುಮ್ನಿರು” ಅನ್ನಲಿಲ್ಲ.

ಒಪ್ಪಲ್ಲ ಅಂದ್ರೆ ಕಮೆಂಟಲ್ಲಿ ಬನ್ನಿ, ಜಗಳ ಆಡೋಣ. ಟೀಚರ್ ಆಗೋ ಫ್ರೆಂಡ್ ಇದ್ರೆ ಅವರಿಗೆ ಕಳಿಸಿ. 🌱

#ದತ್ತು #ಹೊಸಸ್ಕೂಲು #ಕನ್ನಡಕ್ಯಾಪ್ಷನ್ #ಬಿಕಾಂಹುಡುಗಿಬರಹ