ಕೇಳುಗನ ತೀರ್ಪು

ಸಂಗೀತಕೃತಿಯೊಂದನ್ನು ಕುರಿತು ಇಬ್ಬರು ಕೇಳುಗರು ಪರಸ್ಪರ ವಿರುದ್ಧವಾದ ಮಾತನ್ನಾಡಿದಾಗ, ಮೂರನೆಯವನು ನಡುವೆ ಬಂದು, ರುಚಿಯೆಂಬುದು ಅವರವರಿಗೆ ಬಿಟ್ಟದ್ದು, ಅಲ್ಲಿ ವಾದಕ್ಕೆ ಎಡೆಯಿಲ್ಲ ಎಂದು ಸಮಾಧಾನ ಹೇಳಿ ಚರ್ಚೆಯನ್ನು ಮುಗಿಸಿಬಿಡುವುದು ಲೋಕದ ವಾಡಿಕೆ. ಆ ಮಾತಿನಲ್ಲಿ ಸೌಜನ್ಯವೇನೋ ಉಂಟು. ಆದರೆ ಅದನ್ನೇ ಪೂರ್ಣಸತ್ಯವೆಂದು ಒಪ್ಪಿಕೊಂಡರೆ ಕಲೆಯ ವಿಷಯದಲ್ಲಿ ಮಾತನಾಡುವುದೇ ವ್ಯರ್ಥವಾದೀತು. ‘ಇದು ನನಗೆ ಹಿಡಿಸಿತು’ ಎನ್ನುವವನು ತನ್ನ ಮನಸ್ಸಿನ ಸ್ಥಿತಿಯನ್ನು ತಿಳಿಸುತ್ತಾನೆ. ‘ಇದು ಒಳ್ಳೆಯ ಕೃತಿ’ ಎನ್ನುವವನಾದರೋ ಕೃತಿಯಲ್ಲಿರುವ ಒಂದು ಗುಣವನ್ನು ಪ್ರತಿಪಾದಿಸಿ, ಕಿವಿಯುಳ್ಳ ಇತರರೂ ಅದನ್ನು ಕಂಡುಕೊಳ್ಳಬೇಕೆಂದು ಅಪೇಕ್ಷಿಸುತ್ತಾನೆ. ಮೊದಲನೆಯದಕ್ಕೆ ಪ್ರಮಾಣ ಬೇಕಿಲ್ಲ; ಎರಡನೆಯದಕ್ಕೆ ಬೇಕು. ಮೊದಲನೆಯ ಮಾತನ್ನೇ ಎರಡನೆಯದರ ಉಡುಪು ತೊಡಿಸಿ ಹೇಳುವುದರಿಂದಲೇ ಕೇಳುಗರ ಅಭಿಪ್ರಾಯಗಳಲ್ಲಿ ಬಹುಪಾಲು ಗೊಂದಲ ಹುಟ್ಟುತ್ತದೆ.

ಈ ವಿಚಾರವನ್ನು ಪರೀಕ್ಷಿಸುವುದಕ್ಕೆ, ಎಲ್ಲರೂ ಕೈಮುಗಿದು ಒಪ್ಪಿದ ಕೃತಿಗಿಂತ ವಿವಾದಕ್ಕೆ ಸಿಕ್ಕಿದ ಕೃತಿಯೇ ಹೆಚ್ಚು ಉಪಯುಕ್ತ. 1995ರಲ್ಲಿ ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದ ಅಟ್ ದ ಗೇಟ್ಸ್ ಎಂಬ ತಂಡವು ಹೊರತಂದ ‘ಸ್ಲಾಟರ್ ಆಫ್ ದ ಸೋಲ್’ ಎಂಬ ಆಲ್ಬಮ್ ಅಂಥದೊಂದು ಕೃತಿ. ಮೆಲೋಡಿಕ್ ಡೆತ್ ಮೆಟಲ್ ಎಂದು ಕರೆಯಲ್ಪಡುವ ಸಂಗೀತಪ್ರಕಾರದ ಶಿಖರವೆಂದು ಅದನ್ನು ಕೊಂಡಾಡುವವರಿರುವಂತೆಯೇ, ಆ ತಂಡದ ಪ್ರತಿಭೆ ಇಳಿಮುಖವಾದದ್ದಕ್ಕೆ ಅದೇ ಸಾಕ್ಷಿಯೆಂದು ಹೇಳುವವರೂ ಇದ್ದಾರೆ. ಅದರಲ್ಲಿ ವಿಶೇಷವೇನೂ ಕಾಣದೆ ಸುಮ್ಮನಾಗುವವರೂ ಉಂಟು. ಮೂವರೂ ಕೇಳಿದ್ದು ಅದೇ ಹನ್ನೊಂದು ರಚನೆಗಳನ್ನು, ಅದೇ ಮೂವತ್ತನಾಲ್ಕು ನಿಮಿಷಗಳ ನಾದವನ್ನು. ಹಾಗಿದ್ದರೆ ಭೇದವು ಬಂದದ್ದೆಲ್ಲಿಂದ?

ಉತ್ತರವನ್ನು ಹುಡುಕುವ ಮುನ್ನ ಈ ಸಂಗೀತದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. 1980ರ ದಶಕದಲ್ಲಿ ಮುಖ್ಯವಾಗಿ ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ರೂಪುಗೊಂಡ ಡೆತ್ ಮೆಟಲ್, ಶ್ರುತಿಯಿಳಿಸಿದ ಗಿಟಾರುಗಳ ಕರ್ಕಶ ಘೋಷ, ಬಿಡುವಿಲ್ಲದ ಡ್ರಮ್ಮಿನ ವೇಗ, ಕಂಠದ ಒಳಪೊರೆಗಳನ್ನೂ ಕಂಪಿಸಿ ಹೊರಡಿಸುವ ಗುಟುರು—ಇವುಗಳಿಂದ ತನ್ನ ಲಕ್ಷಣವನ್ನು ಪಡೆಯಿತು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಎನ್‌ಟೂಂಬ್ಡ್ ತಂಡವು 1990ರ ‘ಲೆಫ್ಟ್ ಹ್ಯಾಂಡ್ ಪಾಥ್’ ಆಲ್ಬಮಿನಿಂದ ಆ ಘೋಷಕ್ಕೆ ಇನ್ನೂ ದಟ್ಟವಾದ ರೂಪವನ್ನು ಕೊಟ್ಟಿತು. ಗೋಥೆನ್‌ಬರ್ಗಿನ ತರುಣರು ಅದಕ್ಕೆ ಬೇರೊಂದು ವಸ್ತುವನ್ನು ಬೆರೆಸಿದರು: ಇಂಗ್ಲೆಂಡಿನ ಐರನ್ ಮೇಡನ್ ಮೊದಲಾದ ತಂಡಗಳಲ್ಲಿ ಎರಡು ಗಿಟಾರುಗಳು ಸಂವಾದಿ ಸ್ವರಗಳಲ್ಲಿ ಜೊತೆಜೊತೆಯಾಗಿ ನುಡಿಸುವ ರಾಗಪಂಕ್ತಿಗಳು. ಡಾರ್ಕ್ ಟ್ರ್ಯಾಂಕ್ವಿಲಿಟಿಯ ‘ದ ಗ್ಯಾಲರಿ’ 1995ರಲ್ಲಿಯೂ ಇನ್ ಫ್ಲೇಮ್ಸ್‌ನ ‘ದ ಜೆಸ್ಟರ್ ರೇಸ್’ 1996ರಲ್ಲಿಯೂ ಅದೇ ಊರಿನಿಂದ ಹೊರಬಂದುವು. ಇತ್ತ ಇಂಗ್ಲೆಂಡಿನ ಲಿವರ್‌ಪೂಲಿನ ಕಾರ್ಕಸ್ ತಂಡವು 1993ರ ‘ಹಾರ್ಟ್‌ವರ್ಕ್’ನಲ್ಲಿ ತನ್ನದೇ ದಾರಿಯಿಂದ ಇದೇ ನೆಲೆಗೆ ಬಂದು ಸೇರಿತ್ತು. ಕರ್ಕಶವೂ ಮಾಧುರ್ಯವೂ ಒಂದನ್ನೊಂದು ನುಂಗದೆ ಒಂದೇ ರಚನೆಯಲ್ಲಿ ನಿಲ್ಲಬಹುದೇ ಎಂಬುದೇ ಈ ತಂಡಗಳೆಲ್ಲ ತಮಗೆ ಹಾಕಿಕೊಂಡ ಪ್ರಶ್ನೆ.

ಈ ಪ್ರಶ್ನೆಯನ್ನು ತಲುಪುವ ಮೊದಲೇ ಹಿಂದಿರುಗುವ ಕೇಳುಗರು ಅನೇಕ. ಕಂಠಧ್ವನಿಯೊಂದೇ ಅವರಿಗೆ ಸಾಕು. ಇದು ಹಾಡೇ ಅಲ್ಲ, ಅರಚಾಟ ಎಂದು ಅವರು ಎದ್ದುಹೋಗುತ್ತಾರೆ. ಅವರ ಬೇಸರ ಸುಳ್ಳೆಂದು ನಾನು ಹೇಳಲಾರೆ. ಆದರೆ ಅದು ಆ ಕೃತಿಯ ಮೇಲಿನ ತೀರ್ಪಾಗಲಾರದು. ಯಕ್ಷಗಾನದಲ್ಲಿ ಬಣ್ಣದ ವೇಷವು ತೆರೆಯ ಮರೆಯಿಂದ ಆರ್ಭಟಿಸುತ್ತ ರಂಗಕ್ಕೆ ಬರುವಾಗ, ಭಾಗವತರ ಕಂಠದಲ್ಲಿರುವ ಮಾಧುರ್ಯ ಈ ಗರ್ಜನೆಯಲ್ಲಿ ಇಲ್ಲವಲ್ಲಾ ಎಂದು ಯಾವ ಪ್ರೇಕ್ಷಕನೂ ಆಕ್ಷೇಪಿಸುವುದಿಲ್ಲ. ಆ ಪಾತ್ರಕ್ಕೆ ಆ ಧ್ವನಿಯೇ ಉಚಿತವೆಂಬುದು ಅವನಿಗೆ ಗೊತ್ತು. ರೌದ್ರ, ಭಯಾನಕ, ಬೀಭತ್ಸಗಳನ್ನು ಶೃಂಗಾರ ಕರುಣಗಳ ಸಾಲಿನಲ್ಲಿಯೇ ಕುಳ್ಳಿರಿಸಿದ ರಸಶಾಸ್ತ್ರವನ್ನುಳ್ಳ ನಮಗೆ, ಕ್ರೋಧವೂ ಜುಗುಪ್ಸೆಯೂ ಕಲೆಯ ಸಾಮಗ್ರಿಯಾಗಬಲ್ಲವೆಂಬುದು ಹೊಸ ಸಂಗತಿಯಲ್ಲ. ಕೇಳಬೇಕಾದ ಪ್ರಶ್ನೆ, ಧ್ವನಿ ಇಂಪಾಗಿದೆಯೇ ಎಂಬುದಕ್ಕಿಂತ, ಅದು ತಾನು ಹೊತ್ತ ಭಾವವನ್ನು ಹೊರಲು ಸಮರ್ಥವಾಗಿದೆಯೇ ಎಂಬುದು. ಅಟ್ ದ ಗೇಟ್ಸ್ ತಂಡದ ಗಾಯಕ ತೋಮಾಸ್ ಲಿಂಡ್‌ಬರ್ಗ್ ‘ಸ್ಲಾಟರ್ ಆಫ್ ದ ಸೋಲ್’ನಲ್ಲಿ ಬಳಸಿದ ಧ್ವನಿ, ಆ ಪ್ರಕಾರಕ್ಕೆ ಸಾಮಾನ್ಯವಾದ ಮಂದ್ರದ ಗುಟುರಿಗಿಂತ, ತಾರಸ್ಥಾಯಿಯಲ್ಲಿ ಹರಿದುಹೋಗುವ ಆರ್ತನಾದಕ್ಕೆ ಹತ್ತಿರವಾದುದು. ಅಲ್ಲಿ ಭಯಪಡಿಸುವವನಿಗಿಂತ ಭಯದಿಂದ ಪೀಡಿತನಾದವನು ಕೇಳಿಬರುತ್ತಾನೆ. ಆತ್ಮನಾಶವನ್ನೂ ಹತಾಶೆಯನ್ನೂ ವಸ್ತುವಾಗಿ ಹೊಂದಿದ ಆ ಹಾಡುಗಳಿಗೆ ಆ ಧ್ವನಿ ಒಪ್ಪುತ್ತದೆ.

ಇನ್ನು ಕೃತಿಯ ಒಳಹೊಕ್ಕು ನೋಡೋಣ. ಯಂತ್ರದ ಕರ್ಕಶ ಶಬ್ದದಂತಹ ಒಂದು ಪೀಠಿಕೆಯಾದ ಮೇಲೆ ಮೊದಲ ಹಾಡು ‘ಬ್ಲೈಂಡೆಡ್ ಬೈ ಫಿಯರ್’ ಒಮ್ಮೆಲೇ ಪೂರ್ಣವೇಗದಲ್ಲಿ ಆರಂಭವಾಗುತ್ತದೆ. ಯಾವ ಹಾಡೂ ನಾಲ್ಕು ನಿಮಿಷವನ್ನು ಮುಟ್ಟುವುದಿಲ್ಲ. ಒಂದೊಂದರ ಬೆನ್ನೆಲುಬಾಗಿ ಮರಳಿ ಮರಳಿ ಬರುವ ಒಂದೆರಡು ಪುಟ್ಟ ಗಿಟಾರ್ ಪಂಕ್ತಿಗಳು, ಎಂದರೆ ರಿಫ್‌ಗಳು ಮಾತ್ರ, ಅವಾದರೂ ಒಮ್ಮೆ ಕೇಳಿದರೆ ನೆನಪಿನಲ್ಲಿ ಉಳಿಯುವಂಥವು. ಮೂರನೆಯ ಹಾಡಾದ ‘ಕೋಲ್ಡ್’ನಲ್ಲಿ, ಕಿಂಗ್ ಡೈಮಂಡ್ ತಂಡದ ಗಿಟಾರ್ ವಾದಕ ಆಂಡಿ ಲಾರಾಕ್ ಅತಿಥಿಯಾಗಿ ಬಂದು ನುಡಿಸಿದ ಏಕವಾದನವು, ಅದುವರೆಗಿನ ಒರಟುತನದ ನಡುವೆ ಚೊಕ್ಕಟವಾಗಿ ಎದ್ದುನಿಂತು, ಹಾಡಿನ ಶೀತಲ ವಿಷಾದಕ್ಕೆ ಒಂದು ಆಕೃತಿಯನ್ನು ಕೊಡುತ್ತದೆ. ಐದನೆಯದು ಸುಮಾರು ಎರಡು ನಿಮಿಷಗಳ, ಗಾಯನವಿಲ್ಲದ ಮೃದುವಾದ ಗಿಟಾರ್ ವಾದನ. ಅದನ್ನು ಅಲಂಕಾರವೆಂದು ದಾಟಿಹೋಗುವವರಿದ್ದಾರೆ. ನನ್ನ ಮಟ್ಟಿಗೆ ಆಲ್ಬಮಿನ ವಿನ್ಯಾಸ ಸ್ಪಷ್ಟವಾಗಿ ತಿಳಿಯುವುದು ಅಲ್ಲಿಯೇ. ನಾಲ್ಕು ಹಾಡುಗಳ ರಭಸದಿಂದ ಜಡವಾಗತೊಡಗಿದ ಶ್ರವಣೇಂದ್ರಿಯಕ್ಕೆ ಅದು ಮರಳಿ ಎಚ್ಚರವನ್ನು ಕೊಟ್ಟು, ಮುಂದಿನ ಹಾಡಿನ ಆಘಾತವನ್ನು ಹೊಸದಾಗಿ ಅನುಭವಿಸುವಂತೆ ಸಿದ್ಧಗೊಳಿಸುತ್ತದೆ. ಕೊನೆಯ ರಚನೆಯೂ ಗಾಯನರಹಿತವಾದುದೇ. ಕೂಗು ಮುಗಿದ ಮೇಲೆ ಉಳಿಯುವ ಭಾವವನ್ನು ಅದು ಮಾತಿಲ್ಲದೆ ಹಿಡಿದಿಡುತ್ತದೆ. ಈ ಮಿತವ್ಯಯ, ಈ ಜೋಡಣೆಗಳು ಆಕಸ್ಮಿಕವಾಗಿ ಬಂದವೆಂದು ಹೇಳಲಾಗದು.

ಈಗ ಎದುರುಪಕ್ಷದವರ ಮಾತನ್ನು ಕೇಳಬೇಕು. ತಂಡದ ಮೊದಲ ಆಲ್ಬಮನ್ನು, ಎಂದರೆ 1992ರ ‘ದ ರೆಡ್ ಇನ್ ದ ಸ್ಕೈ ಈಸ್ ಅವರ್ಸ್’ ಎಂಬುದನ್ನು ಪ್ರೀತಿಸಿದವರ ಆಕ್ಷೇಪವೇ ಇವುಗಳಲ್ಲಿ ಹೆಚ್ಚು ಗಂಭೀರವಾದುದು. ಪಿಟೀಲಿನ ನಾದವನ್ನೂ ಒಳಗೊಂಡು, ಅಂಕುಡೊಂಕಾಗಿ ಹರಿದು, ಮುಂದಿನ ತಿರುವು ಯಾವುದೆಂದು ಊಹಿಸಲಾಗದಂತೆ ರಚಿತವಾಗಿದ್ದ ಆ ಸಂಗೀತದ ಹಿಂದೆ ಗಿಟಾರ್ ವಾದಕ ಆಲ್ಫ್ ಸ್ವೆನ್‌ಸನ್ನರ ವಿಲಕ್ಷಣ ಕಲ್ಪನೆಯಿದ್ದಿತು; 1993ರಲ್ಲಿ ಅವರು ತಂಡವನ್ನು ಬಿಟ್ಟ ಬಳಿಕ ಶೈಲಿ ಸರಳವಾಗುತ್ತ ಬಂದು 1995ರಲ್ಲಿ ಈ ನೇರವಾದ ರೂಪವನ್ನು ತಾಳಿತು. ಕಳೆದುಹೋದ ಆ ಜಟಿಲತೆಯನ್ನು ಕುರಿತು ದುಃಖಿಸುವವರು ಇಲ್ಲದ್ದನ್ನು ಹೇಳುತ್ತಿಲ್ಲ, ಕಳೆದದ್ದು ನಿಜ. ಆದರೆ ಕಳೆದುದರ ಲೆಕ್ಕವನ್ನಷ್ಟೇ ಬರೆದು, ಅದರ ಬದಲಿಗೆ ಗಳಿಸಿದುದರ ಲೆಕ್ಕವನ್ನು ಬಿಟ್ಟುಬಿಟ್ಟರೆ ಅದು ನ್ಯಾಯವಾದೀತೆ? ಇನ್ನೊಂದು ಗುಂಪಿನವರು ಹತ್ತು ಹದಿನೈದು ವರ್ಷಗಳ ತರುವಾಯ ಇದನ್ನು ಕೇಳಿ, ಇಂಥ ರಿಫ್‌ಗಳನ್ನು ನಾವು ಎಷ್ಟೋ ಕಡೆ ಕೇಳಿದ್ದೇವೆ ಎನ್ನುತ್ತಾರೆ. ಅದೂ ನಿಜವೇ. ಹೊಸ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಹಬ್ಬಿದ ಮೆಟಲ್‌ಕೋರ್ ಎಂಬ ಪ್ರಕಾರದ ತಂಡಗಳು ಈ ಆಲ್ಬಮಿನಿಂದ ಧಾರಾಳವಾಗಿ ಕಡ ಪಡೆದವು. ವಾಷಿಂಗ್ಟನ್ನಿನ ಡಾರ್ಕೆಸ್ಟ್ ಅವರ್ ತಂಡವಂತೂ ತನ್ನ 2003ರ ಆಲ್ಬಮಿಗಾಗಿ ಗೋಥೆನ್‌ಬರ್ಗಿಗೇ ಹೋಗಿ, ‘ಸ್ಲಾಟರ್ ಆಫ್ ದ ಸೋಲ್’ ಸಿದ್ಧವಾಗಿದ್ದ ಫ್ರೆಡ್‌ಮನ್ ಸ್ಟುಡಿಯೋದಲ್ಲಿಯೇ, ಅದೇ ಫ್ರೆಡ್ರಿಕ್ ನಾರ್ಡ್‌ಸ್ಟ್ರೋಮರ ಕೈಯಲ್ಲಿ ಧ್ವನಿಮುದ್ರಣ ಮಾಡಿಸಿತು. ಅನುಕರಣಗಳನ್ನು ಮೊದಲು ಕೇಳಿ ಮೂಲಕ್ಕೆ ಆಮೇಲೆ ಬಂದವನಿಗೆ ಮೂಲವೇ ಹಳಸಿದಂತೆ ತೋರಿದರೆ ಅದರಲ್ಲಿ ಅವನ ತಪ್ಪಿಲ್ಲ. ಕೃತಿಯ ತಪ್ಪೂ ಇಲ್ಲ.

ಹೀಗೆ ವಿಚಾರಿಸಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಕೇಳುಗನ ಅಭಿಪ್ರಾಯದಲ್ಲಿ ಕೃತಿಯಷ್ಟೇ ಪ್ರಬಲವಾಗಿ, ಕೆಲವೊಮ್ಮೆ ಅದಕ್ಕಿಂತಲೂ ಪ್ರಬಲವಾಗಿ, ಅವನು ಕೃತಿಯ ಬಳಿಗೆ ನಡೆದುಬಂದ ದಾರಿ ಮಾತನಾಡುತ್ತಿರುತ್ತದೆ. 1992ರಿಂದ ಮುಂದಕ್ಕೆ ನಡೆದವನಿಗೆ ಇದು ಇಳಿತ. 2003ರಿಂದ ಹಿಂದಕ್ಕೆ ನಡೆದವನಿಗೆ ಇದು ಪುನರುಕ್ತಿ. ಸ್ಟಾಕ್‌ಹೋಮಿನ ದಟ್ಟ ಘೋಷದಿಂದ ಬಂದವನಿಗೆ ಅತಿಯಾದ ನಯಗಾರಿಕೆ. ಐರನ್ ಮೇಡನ್ನಿನಿಂದ ಬಂದವನಿಗೆ ಪರಿಚಿತ ರಾಗಪಂಕ್ತಿಗಳ ಉಗ್ರ ರೂಪಾಂತರ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ ಮೊದಲ ಬಾರಿಗೆ ಆ ಜೋಡಿಗಿಟಾರುಗಳನ್ನು ಎದುರಿಗೆ ನಿಂತು ಕೇಳಿದ ತರುಣನೊಬ್ಬನು ಅಲ್ಲಿಂದ ಗೋಥೆನ್‌ಬರ್ಗಿನ ಕೃತಿಗಳಿಗೆ ಸಾಗಿದ್ದರೆ, ಅವನ ಕಿವಿಗೆ ಬೀಳುವ ಆಲ್ಬಮ್ ಸ್ವೀಡನ್ನಿನ ಕೇಳುಗನು 1995ರಲ್ಲಿ ಕೇಳಿದ ಆಲ್ಬಮೇ ಆಗಿರಲಾರದು.

ಹಾಗಾದರೆ ಎಲ್ಲ ಅಭಿಪ್ರಾಯಗಳೂ ಸಮವೆಂದು ಕೈಚೆಲ್ಲಬೇಕೆ? ಬೇಡ. ದಾರಿ ಬೇರೆಬೇರೆಯಾಗಿದೆಯೆಂಬುದರಿಂದ ತಲುಪಬೇಕಾದ ಊರೇ ಇಲ್ಲವೆಂದಾಗುವುದಿಲ್ಲ. ರಸಾನುಭವಕ್ಕೆ ಅಡ್ಡಿಯಾಗುವ ವಿಘ್ನಗಳನ್ನು ಅಭಿನವಗುಪ್ತನು ಏಳೆಂದು ಎಣಿಸಿದ್ದಾನೆ. ತನ್ನದೇ ಸುಖದುಃಖಗಳಿಗೆ ಪರವಶನಾಗಿರುವುದು ಅವುಗಳಲ್ಲೊಂದು, ತನ್ನದು ಪರರದು ಎಂಬ ದೇಶಕಾಲಗಳ ಕಟ್ಟಿಗೆ ಸಿಕ್ಕಿಕೊಂಡಿರುವುದು ಇನ್ನೊಂದು. ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿ ನಾಟ್ಯವನ್ನು ಕುರಿತು ಹೇಳಿದ ಈ ಮಾತು ಮೆಟಲ್ ಸಂಗೀತದ ಕೇಳುಗನಿಗೂ ನೇರವಾಗಿ ಅನ್ವಯಿಸುತ್ತದೆ. ತನ್ನ ಹದಿನೇಳನೆಯ ವಯಸ್ಸಿನ ಒಂಟಿತನದಲ್ಲಿ ಜೊತೆಗಿದ್ದ ಕೃತಿಯೆಂಬ ಕಾರಣಕ್ಕೆ ಅದನ್ನು ಸರ್ವೋತ್ತಮವೆನ್ನುವವನು ತನ್ನ ಸುಖಕ್ಕೆ ಪರವಶನಾದವನು. ತಾನು ಮೆಚ್ಚಿದ ತಂಡ ತನ್ನನ್ನು ಕೇಳದೆ ಬದಲಾಯಿತೆಂದು ಅದನ್ನು ದ್ರೋಹವೆನ್ನುವವನು ತನ್ನ ದುಃಖಕ್ಕೆ ಪರವಶನಾದವನು. 2025ರ ಸೆಪ್ಟೆಂಬರಿನಲ್ಲಿ ಲಿಂಡ್‌ಬರ್ಗ್ ತೀರಿಕೊಂಡಾಗ ಪ್ರಪಂಚದ ನಾನಾ ಕಡೆಗಳಿಂದ ಈ ಆಲ್ಬಮಿಗೆ ಸಂದ ಗೌರವ ಅವರಿಗೆ ಸಲ್ಲತಕ್ಕದ್ದೇ ಆಗಿತ್ತು. ಆದರೂ ಶೋಕದ ಗಳಿಗೆಯ ಪ್ರಶಂಸೆಯನ್ನು ಶೋಕವೆಂದೇ ಗೌರವಿಸಬೇಕು, ವಿಮರ್ಶೆಯ ಭಾರವನ್ನು ಅದರ ಮೇಲೆ ಹೊರಿಸಬಾರದು.

ವಿಘ್ನಗಳನ್ನು ಪೂರ್ತಿಯಾಗಿ ಕಳೆದುಕೊಂಡ ಕೇಳುಗನು ಎಲ್ಲಿಯೂ ಸಿಗನು; ಇತಿಹಾಸವಿಲ್ಲದ ಕಿವಿ ಎಂಬುದು ಇಲ್ಲ, ಇದ್ದರೂ ಅದಕ್ಕೆ ಏನೂ ಅರ್ಥವಾಗದು. ಅಭ್ಯಾಸದಿಂದಲೇ ಸಹೃದಯನು ಸಿದ್ಧನಾಗುತ್ತಾನೆ. ಆ ಅಭ್ಯಾಸವೇ ಅವನ ಪಕ್ಷಪಾತಕ್ಕೂ ತವರು. ಆದುದರಿಂದ ಕೇಳುಗನಿಂದ ನಾವು ಅಪೇಕ್ಷಿಸಬಹುದಾದದ್ದು ಎರಡು. ಮೊದಲನೆಯದು, ತಾನು ಬಂದ ದಾರಿಯನ್ನು ಅವನು ತಿಳಿದಿರಬೇಕು, ತನಗಾದ ನಿರಾಶೆಯಲ್ಲಿ ಕೃತಿಯ ಪಾಲೆಷ್ಟು, ತನ್ನ ನಿರೀಕ್ಷೆಯ ಪಾಲೆಷ್ಟು ಎಂದು ವಿಂಗಡಿಸುವ ಪ್ರಾಮಾಣಿಕತೆ ಅವನಲ್ಲಿರಬೇಕು. ಎರಡನೆಯದು, ಅವನ ಮಾತು ಕೃತಿಯೊಳಗಿನ ಒಂದು ಸ್ಥಳವನ್ನು ಬೆರಳಿಟ್ಟು ತೋರಿಸಬೇಕು. ‘ಇದು ಸಪ್ಪೆ’ ಎಂದರೆ ನಾನು ಮಾಡಬಹುದಾದದ್ದೇನೂ ಇಲ್ಲ. ‘ಉತ್ತರಾರ್ಧದ ಹಾಡುಗಳಲ್ಲಿ ಡ್ರಮ್ಮಿನ ನಡೆ ಒಂದೇ ಆಗಿರುವುದರಿಂದ ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು ಕಷ್ಟ’ ಎಂದರೆ, ನಾನು ಆ ಹಾಡುಗಳಿಗೆ ಮರಳಿ ಹೋಗಿ ಕೇಳಬಲ್ಲೆ, ಒಪ್ಪಬಲ್ಲೆ, ಅಥವಾ ಏಕತಾನವೆಂದು ಅವನಿಗೆ ತೋರಿದ್ದು ಏಕಾಗ್ರತೆಯೆಂದು ವಾದಿಸಬಲ್ಲೆ. ಹಾಗೆ ವಾದಿಸುವಾಗ ನಾವಿಬ್ಬರೂ ನಮ್ಮ ನಮ್ಮ ಮನಸ್ಸನ್ನು ಬಿಟ್ಟು ಕೃತಿಯ ಮುಂದೆ ನಿಂತಿರುತ್ತೇವೆ.

ಕಾಲವೇ ಅಂತಿಮ ತೀರ್ಪುಗಾರನೆಂದು ಹೇಳುವವರಿಗೂ ಒಂದು ಮಾತು. ಈ ಆಲ್ಬಮ್ ಹೊರಬಂದ ಮರುವರ್ಷವೇ, 1996ರಲ್ಲಿ, ತಂಡ ಒಡೆದುಹೋಯಿತು. 2008ರಲ್ಲಿ ಮತ್ತೆ ಕಛೇರಿಗಳಿಗಾಗಿ ಕೂಡಿ, 2014ರಲ್ಲಿ ‘ಅಟ್ ವಾರ್ ವಿತ್ ರಿಯಾಲಿಟಿ’ಯನ್ನು ಹೊರತಂದಿತು. ನಡುವಿನ ಮೌನದಲ್ಲಿ ಆಲ್ಬಮಿನ ಕೀರ್ತಿ ಬೆಳೆಯಿತು; ಆ ಬೆಳವಣಿಗೆಯಲ್ಲಿ ಕೃತಿಯ ಗುಣದಂತೆ ತಂಡದ ಗೈರುಹಾಜರಿಗೂ ಪಾಲುಂಟು. ಹಾಗೆ ಕಾಲವೂ ಒಂದು ದಾರಿಯಿಂದಲೇ ಬರುತ್ತದೆ, ಅದಕ್ಕೂ ತನ್ನ ಒಲವುಗಳಿವೆ. ಬಹುಮತ ಬೆಳೆದ ಮಾತ್ರಕ್ಕೆ ಗುಣ ಸಿದ್ಧವಾಗದು. ಬಹುಮತಕ್ಕೆ ಕಾರಣವಾದ ಕೇಳ್ಮೆಯನ್ನು ಪ್ರತಿಯೊಬ್ಬನೂ ಹೊಸದಾಗಿ ಮಾಡಿನೋಡಬೇಕು.

ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ‘ಸ್ಲಾಟರ್ ಆಫ್ ದ ಸೋಲ್’ ಉತ್ತಮ ಕೃತಿಯೆಂದೇ ನಾನು ಎಣಿಸುತ್ತೇನೆ, ಮೇಲೆ ತೋರಿಸಿದ ಕಾರಣಗಳಿಗಾಗಿ. 1992ರ ಆಲ್ಬಮಿನ ಸಾಹಸ ಅದರಲ್ಲಿಲ್ಲವೆಂಬುದನ್ನೂ ಒಪ್ಪುತ್ತೇನೆ. ಇದಕ್ಕೆ ವಿರುದ್ಧವಾಗಿ ತೀರ್ಮಾನಿಸಿದವನೊಬ್ಬನು, ನಾನು ಗಮನಿಸದೆ ಹೋದ ಒಂದು ಸ್ವರವನ್ನೋ ಒಂದು ಸಂಧಿಯನ್ನೋ ನನಗೆ ಕೇಳಿಸಿಕೊಟ್ಟರೆ, ಕಾರಣ ಹೇಳದೆ ನನ್ನೊಡನೆ ತಲೆದೂಗುವ ನೂರು ಜನರಿಗಿಂತ ಅವನಿಂದ ನನಗೆ ಹೆಚ್ಚಿನ ಉಪಕಾರವಾಯಿತೆಂದು ತಿಳಿಯುತ್ತೇನೆ. ಕೇಳುಗನ ತೀರ್ಪಿನ ಬೆಲೆಯನ್ನು ಅದು ಹೊಗಳಿತೋ ತೆಗಳಿತೋ ಎಂಬುದರಿಂದ ಅಳೆಯಲಾಗದು. ಆ ತೀರ್ಪನ್ನು ಓದಿದವನು ಮರಳಿ ಕೃತಿಯ ಬಳಿಗೆ ಹೋದಾಗ ಮೊದಲಿಗಿಂತ ಹೆಚ್ಚನ್ನು ಕೇಳಬಲ್ಲನೇ ಎಂಬುದೊಂದೇ ಅದಕ್ಕೆ ತಕ್ಕ ಅಳತೆ.