ಬರಿಗಾಲೂ ಬೂಟುಗಾಲೂ

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲನು ಮ್ಯಾರಥಾನ್ ಓಟವನ್ನು ಬರಿಗಾಲಿನಲ್ಲಿಯೇ ಓಡಿ ಗೆದ್ದನು. 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟು ಗೆದ್ದನು. ಅದೂ ಹಿಂದಿಗಿಂತ ಮೂರು ನಿಮಿಷ ಕಡಮೆ ವೇಳೆಯಲ್ಲಿ. ಬರಿಗಾಲಿನ ಪಕ್ಷದವರು ರೋಮನ್ನು ಸ್ಮರಿಸುವಷ್ಟು ಟೋಕಿಯೋವನ್ನು ಸ್ಮರಿಸುವುದಿಲ್ಲ.

2009ರಲ್ಲಿ ಕ್ರಿಸ್ಟೋಫರ್ ಮೆಕ್‌ಡೂಗಲ್ ಅವರ ‘ಬಾರ್ನ್ ಟು ರನ್’ ಗ್ರಂಥ ಪ್ರಕಟವಾದ ಮೇಲಂತೂ ತೆಳು ಅಟ್ಟೆಯ ಹಗುರ ಬೂಟುಗಳಿಗೆ ಎಲ್ಲಿಲ್ಲದ ಗಿರಾಕಿ. ಮರುವರ್ಷ ಹಾರ್ವರ್ಡಿನ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು ಇದರ ಮರ್ಮವನ್ನು ವಿವರಿಸಿದರು. ದಪ್ಪ ಅಟ್ಟೆಯ ಬೂಟು ತೊಟ್ಟವನು ಸಾಮಾನ್ಯವಾಗಿ ಹಿಮ್ಮಡಿಯನ್ನು ಊರಿ ಓಡುತ್ತಾನೆ. ಬರಿಗಾಲಿನ ರೂಢಿಯವನು ಬಹುಮಟ್ಟಿಗೆ ಮುಂಗಾಲನ್ನು ಊರುತ್ತಾನೆ. ಹೀಗೆ ಊರಿದಾಗ ನೆಲದ ಮೊದಲ ಪೆಟ್ಟು ಮೃದುವಾಗುತ್ತದೆ.

ಆದರೆ ಹೊರೆ ಮಾಯವಾಗುವುದಿಲ್ಲ, ಸ್ಥಳ ಬದಲಿಸುತ್ತದೆ. ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜು, ಪಾದದ ಸಣ್ಣ ಎಲುಬುಗಳು ಅದನ್ನು ಹೊರಬೇಕಾಗುತ್ತದೆ. ಒಮ್ಮೆಲೇ ಬೂಟು ಬದಲಿಸಿದವರಲ್ಲಿ ಎಷ್ಟೋ ಮಂದಿ ಎಲುಬಿನ ನೋವಿಗೆ ಗುರಿಯಾದರು. ಬೆರಳುಬೆರಳಿಗೂ ಗವಸಿದ್ದ ಬೂಟುಗಳನ್ನು ಮಾರಿದ ವಿಬ್ರಂ ಕಂಪನಿಯು, ಆರೋಗ್ಯಲಾಭದ ಜಾಹೀರಾತುಗಳ ಮೇಲೆ ಹೂಡಿದ್ದ ದಾವೆಯನ್ನು 2014ರಲ್ಲಿ ತಪ್ಪೊಪ್ಪಿಕೊಳ್ಳದೆಯೇ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ಹಾಗೆಂದು ಹಗುರ ಬೂಟು ತ್ಯಾಜ್ಯವಲ್ಲ. ಹಗಲೆಲ್ಲ ಕುರ್ಚಿಯಲ್ಲಿ ಕುಳಿತು, ಮುಂಜಾನೆ ಉಲ್ಲಾಸಕ್ಕಾಗಿ ಓಡುವ ಗೃಹಸ್ಥನು ಅದನ್ನು ಮೊದಲು ನಡಿಗೆಗೆ ತೊಡಲಿ. ಬಳಿಕ ಐದು ನಿಮಿಷದ ಓಟಕ್ಕೆ. ವಾರವಾರಕ್ಕೂ ಕೊಂಚಕೊಂಚವೇ ಹೆಚ್ಚಿಸಲಿ. ನೋವು ಕಂಡರೆ ನಿಲ್ಲಿಸಲಿ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ವೈದ್ಯರನ್ನು ಕೇಳದೆ ಈ ಸಾಹಸಕ್ಕೆ ಇಳಿಯದಿರಲಿ. ಬೂಟನ್ನು ಒಂದೇ ದಿನದಲ್ಲಿ ಕೊಳ್ಳಬಹುದು. ಅದಕ್ಕೆ ತಕ್ಕ ಪಾದವನ್ನು ತಿಂಗಳುಗಟ್ಟಲೆ ಸಾಧಿಸಬೇಕು.