ಮೋಡದಲ್ಲಿ ಮನೆಯೊಕ್ಕಲು

ಬಾಡಿಗೆ ಮನೆ ಬದಲಾಯಿಸಿದ ಗೃಹಸ್ಥರಿಗೆಲ್ಲ ಗೊತ್ತಿರುವ ಸಂಗತಿಯೊಂದುಂಟು. ಸಾಮಾನೆಲ್ಲ ಹೊಸ ಮನೆ ಸೇರಿದ ಮೇಲೆಯೇ, ಹಳೆಯ ಮನೆಯಲ್ಲಿ ಯಾವುದಕ್ಕೆ ಯಾವುದು ಆಧಾರವಾಗಿತ್ತೆಂಬುದು ತಿಳಿಯುವುದು. ನನ್ನ ಮಿತ್ರರೊಬ್ಬರು ಈಚೆಗೆ ತಮ್ಮ ಅಂಗಡಿಯ ಲೆಕ್ಕವನ್ನೇ ಹೀಗೆ ಮನೆ ಬದಲಾಯಿಸಿದರು. ಹೋದದ್ದು ಎಲ್ಲಿಗೆಂದರೆ, ಮೋಡಕ್ಕೆ!

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಅವರದು ಔಷಧಗಳ ಸಗಟು ವ್ಯಾಪಾರ. ನಾನೂರಕ್ಕೆ ಕಡಮೆಯಿಲ್ಲದಷ್ಟು ಸಣ್ಣ ಅಂಗಡಿಗಳವರು ಅವರಲ್ಲಿ ಸಾಲದ ಮೇಲೆ ಸರಕು ಒಯ್ಯುತ್ತಾರೆ. ತಂದೆಯವರ ಕಾಲದಲ್ಲಿ ಆ ಬಾಕಿಯೆಲ್ಲ ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕಗಳಲ್ಲಿತ್ತು. ಈಗ ಅಟ್ಟದ ಮೇಲಿನ ಸರ್ವರಿನಲ್ಲಿ. ಸರ್ವರ್ ಎಂದೊಡನೆ ಹೋಟೆಲಿನಲ್ಲಿ ಇಡ್ಲಿ ತಂದಿಡುವವನ ನೆನಪಾದರೆ ತಪ್ಪೇನೂ ಇಲ್ಲ. ಇದರ ಕೆಲಸವೂ ಅದೇ. ಕೆಳಗಿನ ಐದು ಕಂಪ್ಯೂಟರುಗಳು ಕೇಳಿದ ಲೆಕ್ಕವನ್ನು ಕೇಳಿದ ಕ್ಷಣದಲ್ಲಿ ತಂದು ಬಡಿಸುವುದು.

ಒಂದು ಮಳೆಗಾಲದ ರಾತ್ರಿ ಅಟ್ಟ ಸೋರಿತು. ಸರ್ವರಿನೊಳಗಿದ್ದ ಜೋಡಿ ಹಾರ್ಡ್ ಡಿಸ್ಕುಗಳಲ್ಲಿ ಒಂದು ಸತ್ತುಹೋಯಿತು. ಮಿತ್ರರು ಗಾಬರಿಪಡಲಿಲ್ಲ. ಪ್ರತಿ ರಾತ್ರಿ ಲೆಕ್ಕದ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ಇಳಿಸುವ ಏರ್ಪಾಡಿತ್ತಷ್ಟೆ. ಆದರೆ ಅದನ್ನು ತೆರೆದು ನೋಡಿದಾಗ ಅವರ ಎದೆ ಧಸಕ್ಕೆಂದಿತು. ಡಿಸ್ಕು ತುಂಬಿಹೋಗಿ, ನಾಲ್ಕು ತಿಂಗಳಿಂದ ಒಂದಕ್ಷರವೂ ಅದರಲ್ಲಿ ಇಳಿದಿರಲಿಲ್ಲ. ಜೋಡಿಯಲ್ಲಿ ಉಳಿದೊಂದು ಡಿಸ್ಕು ಬದುಕಿದ್ದುದರಿಂದ ಮನೆತನ ಉಳಿಯಿತು. ಅದೂ ಹೋಗಿದ್ದರೆ, ಯಾರಿಂದ ಎಷ್ಟು ಬರಬೇಕೆಂಬುದನ್ನು ಸಾಲಗಾರರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕಾಗುತ್ತಿತ್ತು.

"ಇನ್ನು ಈ ಅಟ್ಟದ ಸಹವಾಸ ಸಾಕು" ಎಂದು ಮಿತ್ರರು ನಿರ್ಧರಿಸಿದರು.

ಮೋಡವೆಂಬುದು ಹೆಸರಿಗೆ ಮಾತ್ರ. ಅದು ಭೂಮಿಯ ಮೇಲೆಯೇ ಇರುವ, ಸಾವಿರಾರು ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿ ತಂಪಾಗಿಟ್ಟ ದೊಡ್ಡ ಕಟ್ಟಡ. ಅಲ್ಲಿನ ಒಂದೊಂದು ದೊಡ್ಡ ಯಂತ್ರವನ್ನೂ ವಠಾರದಂತೆ ಅನೇಕ ಪಾಲು ಮಾಡುತ್ತಾರೆ. ಪ್ರತಿಯೊಂದು ಪಾಲೂ ತಾನೇ ಒಂದು ಪೂರ್ಣ ಯಂತ್ರವೆಂಬಂತೆ ನಡೆದುಕೊಳ್ಳುತ್ತದೆ. ಇದಕ್ಕೆ ವರ್ಚುಯಲ್ ಮೆಷಿನ್, ಎಂದರೆ ತೋರಿಕೆಯ ಯಂತ್ರ, ಎಂದು ಹೆಸರು. ಉಪಾಯ ಹೊಸದಲ್ಲ, ಐಬಿಎಂ ಕಂಪನಿಯವರು ೧೯೬೦ರ ದಶಕದಲ್ಲಿಯೇ ಮಾಡಿ ತೋರಿಸಿದ್ದರು. ಅಂಥ ಯಂತ್ರವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ವ್ಯಾಪಾರವನ್ನು ಅಮೆಜಾನ್ ಆರಂಭಿಸಿದ್ದು ೨೦೦೬ರಲ್ಲಿ. ನಮ್ಮ ದೇಶದಲ್ಲಿ ಮೈಕ್ರೋಸಾಫ್ಟ್ ೨೦೧೫ರಲ್ಲಿಯೂ ಅಮೆಜಾನ್ ೨೦೧೬ರಲ್ಲಿಯೂ ಗೂಗಲ್ ೨೦೧೭ರಲ್ಲಿಯೂ ಇಂಥ ಕೇಂದ್ರಗಳನ್ನು ತೆರೆದವು. ಮಿತ್ರರು ಒಬ್ಬ ಸೇವಾದಾರರ ಮುಂಬಯಿಯ ಕೇಂದ್ರದಲ್ಲಿ ಒಂದು "ಮನೆ" ಹಿಡಿದರು.

ಮೊದಲ ದಿನವೇ ಪೇಚಾಟ. ಲೆಕ್ಕದ ಭಂಡಾರವನ್ನು ಮುಂಬಯಿಗೆ ಸಾಗಿಸಿ, ಬಿಲ್ಲು ಬರೆಯುವ ತಂತ್ರಾಂಶವನ್ನು ಅಂಗಡಿಯ ಕಂಪ್ಯೂಟರುಗಳಲ್ಲಿಯೇ ಉಳಿಸಿಕೊಂಡಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತಿದ್ದ ಬಿಲ್ಲಿಗೆ ಈಗ ಹತ್ತು ಸೆಕೆಂಡು! ಕಾರಣ ಸರಳವಾದುದು. ಒಂದು ಬಿಲ್ಲು ಮುಗಿಯುವಷ್ಟರಲ್ಲಿ ಆ ತಂತ್ರಾಂಶವು ಭಂಡಾರವನ್ನು ನಾನೂರು ಸಲ ಪ್ರಶ್ನಿಸುತ್ತದೆ: ಈ ಮಾತ್ರೆ ಎಷ್ಟಿದೆ, ಬೆಲೆಯೆಷ್ಟು, ಅವಧಿ ಎಂದು ಮುಗಿಯುವುದು, ಈ ಗಿರಾಕಿಯ ಬಾಕಿಯೆಷ್ಟು, ಹೀಗೆ. ಅಟ್ಟದಿಂದ ಉತ್ತರ ಬರುವುದಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ. ಮುಂಬಯಿಗೆ ಹೋಗಿಬರಲು ನಲವತ್ತರಲ್ಲಿ ಒಂದು ಭಾಗವಾದರೂ ಬೇಕು. ಅದೇನು ಮಹಾ ಎನ್ನಬಹುದು. ನಾನೂರರಿಂದ ಗುಣಿಸಿ ನೋಡಿ.

"ಹಸುವನ್ನು ಮಾರಿ ಕರುವನ್ನು ಕೊಟ್ಟಿಗೆಯಲ್ಲೇ ಕಟ್ಟಿಕೊಂಡರೆ ಅದು ಕೂಗದೆ ಇನ್ನೇನು ಮಾಡೀತು ಸ್ವಾಮಿ?" ಎಂದರು ಅಂಗಡಿಯ ಹಿರಿಯ ಗುಮಾಸ್ತರು. ಮೂವತ್ತು ವರ್ಷದಿಂದ ಆ ಲೆಕ್ಕ ನೋಡಿದವರು. ಎಲ್ಲರೂ ಅವರನ್ನು ರಾಯರೆಂದೇ ಕರೆಯುವುದು. ಅವರ ಮಾತಿನಲ್ಲಿಯೇ ಪರಿಹಾರವಿತ್ತು. ಕರುವನ್ನೂ ಮುಂಬಯಿಗೆ ಕಳುಹಿಸಿದರು. ಭಂಡಾರವೂ ತಂತ್ರಾಂಶವೂ ಒಂದೇ ಕಡೆಯಲ್ಲಿದ್ದು, ಪರದೆಯ ಚಿತ್ರ ಮಾತ್ರ ಬೆಂಗಳೂರಿಗೆ ಬರುವಂತಾಯಿತು. ಬಿಲ್ಲು ಮೊದಲಿನಂತೆ ಓಡಿತು.

ರಾಯರು ಅಷ್ಟಕ್ಕೆ ಬಿಡಲಿಲ್ಲ. "ಒಂದು ವಾರ ಅಲ್ಲಿಯೂ ಬರೆಯೋಣ, ಇಲ್ಲಿಯೂ ಬರೆಯೋಣ, ರಾತ್ರಿ ಎರಡನ್ನೂ ತಾಳೆ ನೋಡೋಣ" ಎಂದು ಹಟ ಹಿಡಿದರು. ಎರಡು ಪಟ್ಟು ಕೆಲಸವೆಂದು ಹುಡುಗರು ಗೊಣಗಿದರು. ಮೂರನೆಯ ದಿನವೇ ಫಲ ದೊರೆಯಿತು. ಊರೂರಿಗೆ ಹೋಗುವ ಪಾರ್ಸಲುಗಳಿಗೆ ಬೆಳಗಿನ ಜಾವ ಐದು ಗಂಟೆಗೆ ಬರೆದ ಬಿಲ್ಲುಗಳಿಗೆಲ್ಲ ಮುಂಬಯಿಯ ಲೆಕ್ಕದಲ್ಲಿ ಹಿಂದಿನ ದಿನದ ತಾರೀಖು ಬಿದ್ದಿತ್ತು! ಹೊಸದಾಗಿ ಹಿಡಿದ ಇಂಥ ಯಂತ್ರದ ಗಡಿಯಾರ ಸಾಮಾನ್ಯವಾಗಿ ವಿಶ್ವಕಾಲಮಾನದಲ್ಲಿರುತ್ತದೆ. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಯಂತ್ರವಿದ್ದುದು ಮುಂಬಯಿಯಲ್ಲಾದರೂ ಅದರ ಹೊತ್ತು ಮಾತ್ರ ಗ್ರೀನಿಚ್ಚಿನದಾಗಿತ್ತು. ತಿಂಗಳ ಮೊದಲ ದಿನ ಹೀಗಾಗಿದ್ದರೆ ಬೆಳಗಿನ ವ್ಯಾಪಾರವೆಲ್ಲ ಹಿಂದಿನ ತಿಂಗಳ ಜಿಎಸ್‌ಟಿ ಲೆಕ್ಕಕ್ಕೆ ಸೇರಿಬಿಡುತ್ತಿತ್ತು. ಗಡಿಯಾರ ಸರಿಪಡಿಸಲು ಹಿಡಿದದ್ದು ಒಂದೇ ನಿಮಿಷ. ಅದು ತಪ್ಪಿದೆಯೆಂದು ಕಂಡುಹಿಡಿಯಲು ರಾಯರ ಕಣ್ಣು ಬೇಕಾಯಿತು.

ಬಾಗಿಲಿನ ವಿಚಾರವೂ ಒಂದುಂಟು. ದೂರದ ಯಂತ್ರದ ಪರದೆಯನ್ನು ನಮ್ಮಲ್ಲಿಗೆ ತರುವ ಬಾಗಿಲನ್ನು ಅಂತರಜಾಲದ ಬೀದಿಗೆ ತೆರೆದಿಟ್ಟರೆ, ಗುಪ್ತಪದವನ್ನು ಊಹಿಸಿ ಒಳನುಗ್ಗಲು ನೋಡುವ ಕಳ್ಳ ತಂತ್ರಾಂಶಗಳು ಸ್ವಲ್ಪ ಹೊತ್ತಿನಲ್ಲಿಯೇ ಬಂದು ತಟ್ಟತೊಡಗುತ್ತವೆ. ಆದುದರಿಂದ ಅಂಗಡಿಗೂ ಆ ಯಂತ್ರಕ್ಕೂ ನಡುವೆ ವಿಪಿಎನ್ ಎಂಬ ಖಾಸಗಿ ಓಣಿಯೊಂದನ್ನು ಮಾಡಿಸಿ, ಬೀದಿಯ ಬಾಗಿಲು ಮುಚ್ಚಿಸಿದರು.

ಆಯುಧಪೂಜೆಯ ರಜೆಯಲ್ಲಿ ಹಳೆಯ ಸರ್ವರಿಗೆ ವಿರಾಮ ಸಿಕ್ಕಿತು. ಹೋದ ವರ್ಷದ ಕುಂಕುಮ ಅದರ ಹಣೆಯ ಮೇಲೆ ಇನ್ನೂ ಇತ್ತು. ಹೊಸ ಯಂತ್ರಕ್ಕೆ ಕುಂಕುಮ ಹಚ್ಚುವುದೆಲ್ಲಿ ಎಂಬ ಪ್ರಶ್ನೆ ಬಂದಾಗ, ರಾಯರು ಕೊಂಚ ಯೋಚಿಸಿ ಪರದೆಯ ಚೌಕಟ್ಟಿಗೇ ಹಚ್ಚಿದರು.

ಪ್ರಸಾದ ಹಂಚುತ್ತ ಅವರೇ ಕೇಳಿದರು: "ಅಲ್ಲ, ಆ ಮೋಡದ ಮನೆಗೇ ಬೆಂಕಿ ಬಿದ್ದರೆ?"

ಹುಡುಗರು ನಕ್ಕರು. ಆದರೆ ನಗುವ ಮಾತಲ್ಲ. ೨೦೨೧ರ ಮಾರ್ಚ್ ೧೦ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಕೇಂದ್ರವೊಂದು ಸುಟ್ಟು ಬೂದಿಯಾಯಿತು. ಬೇರೆಡೆ ಪ್ರತಿಯಿಟ್ಟುಕೊಳ್ಳದಿದ್ದ ಬಾಡಿಗೆದಾರರ ಲೆಕ್ಕಪತ್ರಗಳೂ ಅದರೊಡನೆ ಹೋದವು. ಸ್ವಂತ ಮನೆಯಾದರೆ ಕ್ಷೇಮವೇ ಎಂದರೆ ಅದೂ ಅಲ್ಲ. ೨೦೨೫ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರಕಾರದ್ದೇ ಆದ ಕೇಂದ್ರಕ್ಕೆ ಬೆಂಕಿ ಬಿದ್ದು, ಸರಕಾರಿ ನೌಕರರು ಕಡತಗಳನ್ನಿಡುತ್ತಿದ್ದ ಭಂಡಾರವೇ ನಾಶವಾಯಿತು. ಅದಕ್ಕೂ ಹೊರಗಡೆ ಪ್ರತಿಯಿರಲಿಲ್ಲ. ಬಾಡಿಗೆ ಮನೆಯ ಮಾಲೀಕ ಗೋಡೆ, ದೀಪ, ಕಾವಲು ನೋಡಿಕೊಳ್ಳುತ್ತಾನೆ. ನಮ್ಮ ಒಡವೆಯ ಜವಾಬ್ದಾರಿ ನಮ್ಮದೇ. ನಮ್ಮ ಕಾನೂನೂ ಇದನ್ನು ಕಂಡುಕೊಂಡಿದೆ. ವಿದ್ಯುನ್ಮಾನ ರೂಪದಲ್ಲಿ ಲೆಕ್ಕವಿಡುವ ಕಂಪನಿಗಳು ಅದರ ಪ್ರತಿಯನ್ನು ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನವೂ ಇಡತಕ್ಕದ್ದೆಂದು ೨೦೨೨ರ ಆಗಸ್ಟಿನಲ್ಲಿ ನಿಯಮ ತಿದ್ದಲಾಯಿತು. ಅದಕ್ಕೆ ಮುಂಚೆ ಆಗಾಗ್ಗೆ ಇಟ್ಟರೆ ಸಾಕಾಗಿತ್ತು.

ಮಿತ್ರರು ರಾತ್ರಿಯ ಪ್ರತಿಯನ್ನು ಮುಂಬಯಿಯಲ್ಲಿಡದೆ ಹೈದರಾಬಾದಿನ ಕೇಂದ್ರಕ್ಕೆ ಹೋಗುವಂತೆ ಮಾಡಿದರು. ವಾರಕ್ಕೊಂದು ಪ್ರತಿ ಬೆಂಗಳೂರಿಗೂ ಬರುತ್ತದೆ. ಆದರೆ ಪ್ರತಿ ಇದೆಯೆಂದು ನಂಬಿಯೇ ಅಲ್ಲವೆ ಅವರು ನಾಲ್ಕು ತಿಂಗಳು ಮೋಸಹೋದದ್ದು?

ಆದ್ದರಿಂದ ಹಳೆಯ ಸರ್ವರನ್ನು ಗುಜರಿಗೆ ಹಾಕಲಿಲ್ಲ. ಹೊಸ ಡಿಸ್ಕು ಹಾಕಿಸಿ, ಅಟ್ಟದಿಂದ ಇಳಿಸಿ, ರಾಯರ ಮೇಜಿನ ಪಕ್ಕದಲ್ಲಿಟ್ಟಿದ್ದಾರೆ. ತಿಂಗಳ ಮೊದಲನೆಯ ಶನಿವಾರ ಅವರು ಆ ವಾರದ ಪ್ರತಿಯನ್ನು ಅದರಲ್ಲಿ ತುಂಬಿಸುತ್ತಾರೆ. ಮನಸ್ಸಿಗೆ ಬಂದ ಹತ್ತು ಗಿರಾಕಿಗಳ ಬಾಕಿಯನ್ನು ತೆರೆದು, ಮುಂಬಯಿಯ ಲೆಕ್ಕದೊಡನೆ ತಾಳೆ ನೋಡುತ್ತಾರೆ. ಸರಿಯಿದ್ದರೆ, ಕೆಂಪು ರಟ್ಟಿನ ಹಳೆಯ ಖಾತೆ ಪುಸ್ತಕವೊಂದರ ಖಾಲಿ ಹಾಳೆಯಲ್ಲಿ ತಾರೀಖು ಬರೆದು ರುಜು ಹಾಕುತ್ತಾರೆ. ಕಳೆದ ವಾರ ನಾನು ಹೋದಾಗ ಆ ಪುಟದಲ್ಲಿ ಏಳು ರುಜುಗಳಿದ್ದವು.